ಎಲ್ಲರಿಗೂ ಗೊತ್ತಿದ್ದ ಓಟ, ಯಾರೂ ನಿರೀಕ್ಷಿಸದ ಪಾಸ್

ಬಸ್ಸಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೂತಿರೋ ನಿಮಗೆ ಮೊದಲು ಒಂದು ಪ್ರಶ್ನೆ. ನೀವು ಮುಂದೆ ಏನು ಮಾಡ್ತೀರಿ ಅಂತ ಎದುರಾಳಿಗೆ ಚೆನ್ನಾಗಿ ಗೊತ್ತಿದೆ. ಆದರೂ ನೀವು ಗೆಲ್ಲಬಹುದಾ?

ಗೆಲ್ಲಬಹುದು ಅಂತ ತೋರಿಸಿದ ಒಂದು ತಂಡದ ಕಥೆ ಇವತ್ತು. ಗೆದ್ದಿದ್ದು ಹೇಗೆ ಅನ್ನೋದರಲ್ಲಿ ಮಾತ್ರ ಒಂದು ತಿರುವಿದೆ.

1969ರ ಡಿಸೆಂಬರ್ 6. ಅಮೆರಿಕದ ಅರ್ಕಾನ್ಸಾಸ್ ರಾಜ್ಯದ ಫೇಯೆಟ್‌ವಿಲ್ ಅನ್ನೋ ಊರು. ಕಾಲೇಜು ಫುಟ್ಬಾಲ್‌ನಲ್ಲಿ ಆಗ ನಂಬರ್ ಒನ್ ಟೆಕ್ಸಸ್, ನಂಬರ್ ಟೂ ಅರ್ಕಾನ್ಸಾಸ್. ಪಂದ್ಯ ನೋಡೋಕೆ ಅಧ್ಯಕ್ಷ ನಿಕ್ಸನ್ ಕೂಡ ಬಂದು ಕೂತಿದ್ದಾರೆ. ಒಟ್ಟು ನಾಲ್ಕು ಕ್ವಾರ್ಟರ್‌ಗಳ ಆಟ. ಮೂರು ಮುಗಿದಾಗ ಸ್ಕೋರ್ ಅರ್ಕಾನ್ಸಾಸ್ 14, ಟೆಕ್ಸಸ್ ಸೊನ್ನೆ.

ಇದು ನಮ್ಮ ಮೆಸ್ಸಿ, ಛೆಟ್ರಿ ಆಡೋ ಫುಟ್ಬಾಲ್ ಅಲ್ಲ. ಅಮೆರಿಕನ್ ಫುಟ್ಬಾಲ್‌ನಲ್ಲಿ ಚೆಂಡನ್ನ ಕೈಯಲ್ಲಿ ಹಿಡಿದು ಓಡಬಹುದು, ಇಲ್ಲಾ ಮುಂದಕ್ಕೆ ಎಸೆಯಬಹುದು. ಓಡೋದು ರನ್ನಿಂಗ್ ಗೇಮ್, ಎಸೆಯೋದು ಪಾಸ್. ನಾಲ್ಕು ಅವಕಾಶದಲ್ಲಿ 10 ಗಜ ಮುಂದೆ ಹೋದರೆ ಮತ್ತೆ ನಾಲ್ಕು ಅವಕಾಶ. ಹೋಗದಿದ್ದರೆ ಚೆಂಡು ಎದುರಾಳಿಗೆ. ಅಂದರೆ ಪ್ರತಿ ಸಲ ಮೂರೂವರೆ ಗಜ ಓಡಿದರೂ ಸಾಕು, ಮೂರೇ ಓಟದಲ್ಲಿ ಕೆಲಸ ಮುಗೀತು. ಕ್ರಿಕೆಟ್‌ನಲ್ಲಿ ಸಿಕ್ಸರ್ ಹೊಡೀದೆ ಒಂದು, ಎರಡು ಓಡಿಕೊಂಡೇ ಗುರಿ ಮುಟ್ಟೋ ಹಾಗೆ.

ಈ ಲೆಕ್ಕವನ್ನ ಟೆಕ್ಸಸ್‌ನಷ್ಟು ಗಟ್ಟಿಯಾಗಿ ನಂಬಿದವರು ಆ ಕಾಲದಲ್ಲಿ ಇನ್ನೊಬ್ಬರಿಲ್ಲ. ಅಲ್ಲಿಗೆ ಅವರು ಬಂದಿದ್ದು ಮಾತ್ರ ಸೋತು ಸೋತು.

ಕೋಚ್ ಡ್ಯಾರೆಲ್ ರಾಯಲ್ ದೊಡ್ಡ ಹೆಸರು. ಆದರೂ 1965ರಿಂದ 67ರವರೆಗೆ ಸತತ ಮೂರು ವರ್ಷ ಅವರ ತಂಡ ನಾಲ್ಕು ನಾಲ್ಕು ಪಂದ್ಯ ಸೋತಿತ್ತು. ಒಳ್ಳೊಳ್ಳೆ ಓಟಗಾರರಿದ್ದರು, ಆದರೆ ಎಲ್ಲರನ್ನೂ ಒಟ್ಟಿಗೆ ಬಳಸೋ ದಾರಿ ಇರಲಿಲ್ಲ. ಆ ದಾರಿ ಹುಡುಕಿದ್ದು ಸಹಾಯಕ ಕೋಚ್ ಎಮೊರಿ ಬೆಲ್ಲಾರ್ಡ್. ಒಂದು ವರ್ಷದ ಹಿಂದಿನವರೆಗೂ ಅವರು ಹೈಸ್ಕೂಲ್ ಹುಡುಗರಿಗೆ ಕೋಚ್ ಆಗಿದ್ದವರು.

ಇಂಗ್ಲಿಷ್‌ನ ವೈ ಅಕ್ಷರ ನೆನಪಿಸಿಕೊಳ್ಳಿ. ಬುಡದಲ್ಲಿ ಚೆಂಡು ಹಂಚೋ ಕ್ವಾರ್ಟರ್‌ಬ್ಯಾಕ್. ಅವನ ಬೆನ್ನ ಹಿಂದೆ ಫುಲ್‌ಬ್ಯಾಕ್. ಅವನ ಹಿಂದೆ ಎಡಕ್ಕೊಬ್ಬ, ಬಲಕ್ಕೊಬ್ಬ ಹಾಫ್‌ಬ್ಯಾಕ್. ಕೋಳಿಯ ಎದೆಭಾಗದ ಕವಲು ಮೂಳೆ ಇದೆಯಲ್ಲ, ಥೇಟ್ ಹಾಗೇ ಕಾಣುತ್ತೆ ಅಂತ ಹ್ಯೂಸ್ಟನ್‌ನ ಒಬ್ಬ ಕ್ರೀಡಾ ವರದಿಗಾರ ಅಂದ. ವಿಶ್‌ಬೋನ್ ಅನ್ನೋ ಹೆಸರು ಅಂಟಿಕೊಂಡಿತು.

ಆಟದ ಗುಟ್ಟು ಈ ಆಕಾರದಲ್ಲಿಲ್ಲ, ಒಬ್ಬನನ್ನ ಬೇಕಂತಲೇ ಬಿಟ್ಟುಬಿಡೋದರಲ್ಲಿದೆ. ಸಾಮಾನ್ಯವಾಗಿ ನಮ್ಮವರು ಎದುರಾಳಿಗಳನ್ನ ಅಡ್ಡಗಟ್ಟಿ ಓಟಗಾರನಿಗೆ ದಾರಿ ಮಾಡಿಕೊಡ್ತಾರೆ. ಇಲ್ಲಿ ಅಂಚಿನಲ್ಲಿರೋ ಒಬ್ಬ ಡಿಫೆಂಡರನ್ನ ಯಾರೂ ಮುಟ್ಟಲ್ಲ. ಕ್ವಾರ್ಟರ್‌ಬ್ಯಾಕ್ ಚೆಂಡನ್ನ ಫುಲ್‌ಬ್ಯಾಕ್‌ನ ಹೊಟ್ಟೆಗೆ ಒತ್ತಿ ಹಿಡಿದು ಅವನನ್ನೇ ನೋಡ್ತಾನೆ. ಅವನು ಫುಲ್‌ಬ್ಯಾಕ್ ಮೇಲೆ ಬಿದ್ದರೆ ಚೆಂಡು ಎಳೆದುಕೊಂಡು ತಾನೇ ಹೊರಗೆ ಓಡ್ತಾನೆ. ಬೀಳದಿದ್ದರೆ ಚೆಂಡು ಅಲ್ಲೇ ಬಿಡ್ತಾನೆ. ಹೊರಗೆ ಓಡಿದಾಗ ಇನ್ನೊಬ್ಬ ಡಿಫೆಂಡರ್ ಎದುರಾದರೆ? ಪಕ್ಕದಲ್ಲೇ ಓಡಿ ಬರ್ತಿರೋ ಹಾಫ್‌ಬ್ಯಾಕ್‌ಗೆ ಎಸೆದುಬಿಡ್ತಾನೆ. ಇದೇ ಟ್ರಿಪಲ್ ಆಪ್ಷನ್.

ಈ ತಂತ್ರವನ್ನ ಓದಿ ಅರ್ಥ ಮಾಡಿಕೊಂಡಾಗ ನನ್ನ ಒಂದು ತಪ್ಪು ಕಲ್ಪನೆ ಬಿದ್ದುಹೋಯ್ತು. ರನ್ನಿಂಗ್ ಗೇಮ್ ಅಂದರೆ ಬರೀ ತೋಳ್ಬಲ, ಗುದ್ದಾಟ ಅಂದುಕೊಂಡಿದ್ದೆ. ಹಾಗಲ್ಲ ನೋಡಿ. ಎದುರಾಳಿಯ ಕೈಗೆ ಒಂದು ಆಯ್ಕೆ ಕೊಡೋದು, ಅವನು ಏನೇ ಆರಿಸಿದರೂ ಅದೇ ತಪ್ಪಾಗೋ ಹಾಗೆ ಮಾಡೋದು. ಬಲಶಾಲಿಯನ್ನ ಬೀಳಿಸೋದು ಕಷ್ಟ, ಗೊಂದಲಕ್ಕೆ ಕೆಡವೋದು ಸುಲಭ.

1968ರಲ್ಲಿ ಈ ಆಟ ಶುರುವಾದಾಗ ಫಲ ಸಿಗಲಿಲ್ಲ. ಮೊದಲ ಪಂದ್ಯ ಹ್ಯೂಸ್ಟನ್ ವಿರುದ್ಧ 20-20 ಡ್ರಾ. ಎರಡನೆಯದು ಟೆಕ್ಸಸ್ ಟೆಕ್ ವಿರುದ್ಧ ಸೋಲು. ರಾಯಲ್ ಹಿಂದೆ ಸರಿಯಲಿಲ್ಲ. ಜೇಮ್ಸ್ ಸ್ಟ್ರೀಟ್ ಅನ್ನೋ ಹುಡುಗನನ್ನ ಕ್ವಾರ್ಟರ್‌ಬ್ಯಾಕ್ ಮಾಡಿದರು, ಫುಲ್‌ಬ್ಯಾಕ್‌ನನ್ನ ಸ್ವಲ್ಪ ಹಿಂದೆ ನಿಲ್ಲಿಸಿದರು. ಆಮೇಲೆ ಟೆಕ್ಸಸ್ ಸತತ 30 ಪಂದ್ಯ ಗೆದ್ದಿತು.

ಈಗ ಫೇಯೆಟ್‌ವಿಲ್‌ಗೆ ವಾಪಸ್ ಬರೋಣ. ಕೊನೆಯ ಕ್ವಾರ್ಟರ್‌ನ ಮೊದಲ ಆಟದಲ್ಲೇ ಸ್ಟ್ರೀಟ್ ಪಾಸ್ ಮಾಡೋಕೆ ಹೋಗಿ, ಯಾರೂ ಸಿಗದೆ, ತಾನೇ 42 ಗಜ ಓಡಿ ಟಚ್‌ಡೌನ್ ಹೊಡೆದ. ಹೆಚ್ಚುವರಿ ಎರಡು ಪಾಯಿಂಟನ್ನೂ ಓಡಿಯೇ ತಂದ. 14-8.

ಆಮೇಲೆ ಅರ್ಕಾನ್ಸಾಸ್ ಸರದಿ. ಚೆನ್ನಾಗಿ ಮುಂದೆ ಬಂದು ಟೆಕ್ಸಸ್ ಗೆರೆಯಿಂದ ಬರೀ 7 ಗಜ ದೂರದಲ್ಲಿ ನಿಂತಿತು. ಮೂರನೇ ಅವಕಾಶ. ಓಡಿ, ಚೆಂಡು ಕಾಪಾಡಿಕೊಂಡು, ನಾಲ್ಕನೆಯದರಲ್ಲಿ ಕಾಲಿಂದ ಒದ್ದು ಮೂರು ಪಾಯಿಂಟ್ ತಗೊಂಡಿದ್ದರೆ 17-8. ಒಂದೇ ಟಚ್‌ಡೌನ್‌ನಿಂದ ಟೆಕ್ಸಸ್ ಅದನ್ನ ಮುಟ್ಟೋಕಾಗ್ತಿರಲಿಲ್ಲ. ಅವರು ಪಾಸ್ ಮಾಡಿದರು. ಟೆಕ್ಸಸ್‌ನ ಡ್ಯಾನಿ ಲೆಸ್ಟರ್ ಅದನ್ನ ಹಿಡಿದುಬಿಟ್ಟ.

ಐದು ನಿಮಿಷವೂ ಉಳಿದಿಲ್ಲ. ಟೆಕ್ಸಸ್ ತನ್ನದೇ 43ನೇ ಗಜದ ಗೆರೆಯಲ್ಲಿದೆ. ನಾಲ್ಕನೇ ಅವಕಾಶ, ಬೇಕಿರೋದು 3 ಗಜ. ಓಟವೇ ಉಸಿರಾಗಿರೋ ತಂಡಕ್ಕೆ 3 ಗಜ ಅಂದರೆ ಏನು ಮಾಡ್ತಾರೆ ಹೇಳಿ? ಓಡ್ತಾರೆ. ಇಡೀ ಸ್ಟೇಡಿಯಂಗೆ ಅದು ಗೊತ್ತು.

ರಾಯಲ್ ಉದ್ದದ ಪಾಸ್ ಹೇಳಿದರು. ಸ್ವಂತ ಹುಡುಗರಿಗೇ ನಂಬಿಕೆ ಬರಲಿಲ್ಲ. ಎದುರಾಳಿಗಳು ನೋಡ್ತಿದ್ದಾರೆ ಅಂತ, ಆಟಗಾರರು ಗುಂಪುಗೂಡಿದಾಗ ಸ್ಟ್ರೀಟ್ ಒಬ್ಬನ ಕಡೆ ಕೈ ತೋರಿಸುತ್ತಾ ಇನ್ನೊಬ್ಬನಿಗೆ ಮಾತು ಹೇಳಿದನಂತೆ. ಆ ಇನ್ನೊಬ್ಬ, ರ್‍ಯಾಂಡಿ ಪೆಷೆಲ್, ಇಬ್ಬರು ಡಿಫೆಂಡರ್‌ಗಳ ಮಧ್ಯೆ 44 ಗಜದ ಪಾಸ್ ಹಿಡಿದ. ಮುಂದಿನ ಎರಡು ಆಟ ಎರಡೂ ಓಟ. ಟಚ್‌ಡೌನ್. ಟೆಕ್ಸಸ್ 15, ಅರ್ಕಾನ್ಸಾಸ್ 14.

ಹಾಗಾದರೆ ಗೆಲ್ಲಿಸಿದ್ದು ಪಾಸಾ, ಓಟವಾ? ನನ್ನ ಉತ್ತರ ಓಟ. ವರ್ಷವಿಡೀ ಓಡಿದ್ದಕ್ಕೇ ಆ ಒಂದು ಪಾಸ್‌ಗೆ ಬೆಲೆ ಬಂತು. ದಿನಾ ಪಾಸ್ ಮಾಡೋ ತಂಡ ಅಲ್ಲಿ ಎಸೆದಿದ್ದರೆ ಯಾರೂ ಬೆಚ್ಚಿಬೀಳ್ತಿರಲಿಲ್ಲ. ಓಟ ಅಂದರೆ ಸಾಲ ಕೊಟ್ಟಂತೆ, ವಸೂಲಿ ಮಾಡೋ ಗಳಿಗೆ ಗೊತ್ತಿರಬೇಕು. ಅಷ್ಟು ಗೊತ್ತಿದ್ದರೆ ಅದು ತಂತ್ರ. ಗೊತ್ತಿಲ್ಲದೆ ಓಡ್ತಾನೇ ಇದ್ದರೆ ಬರೀ ಹಠ.

ಈ ಕಥೆಗೆ ಇನ್ನೊಂದು ಮುಖ ಇದೆ, ಅದನ್ನ ಮುಚ್ಚಿಡೋದು ಸರಿಯಲ್ಲ. ಆ ವರ್ಷ ಚಾಂಪಿಯನ್ ಆದ ಟೆಕ್ಸಸ್ ತಂಡದಲ್ಲಿ ಒಬ್ಬ ಕಪ್ಪು ಆಟಗಾರನೂ ಇರಲಿಲ್ಲ. ಬರೀ ಬಿಳಿಯರ ತಂಡವೊಂದು ರಾಷ್ಟ್ರೀಯ ಚಾಂಪಿಯನ್ ಆಗಿದ್ದು ಅದೇ ಕೊನೆ. ಮುಂದಿನ ವರ್ಷ ಜೂಲಿಯಸ್ ವಿಟಿಯರ್ ಟೆಕ್ಸಸ್ ಪರ ಆಡಿದರು. ಅದೇ 1970ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾದ ಕಪ್ಪು ಫುಲ್‌ಬ್ಯಾಕ್ ಸ್ಯಾಮ್ ಕನಿಂಗ್‌ಹ್ಯಾಮ್ ಅಲಬಾಮಕ್ಕೆ ಹೋಗಿ 135 ಗಜ ಓಡಿದರು. ಅಲಬಾಮ 42-21ರಲ್ಲಿ ಸೋತಿತು. ಓಟವೇ ಆಟ ಅನ್ನೋ ಕಾಲೇಜುಗಳು ಎಂಥೆಂಥ ಓಟಗಾರರಿಗೆ ಬಾಗಿಲು ಹಾಕಿದ್ದವು ಅಂತ ಆ ರಾತ್ರಿ ಎಲ್ಲರಿಗೂ ಕಾಣಿಸಿತು.

1971ರಲ್ಲಿ ಅಲಬಾಮ ಕೋಚ್ ಬೇರ್ ಬ್ರ್ಯಾಂಟ್, ರಾಯಲ್ ಹತ್ತಿರವೇ ವಿಶ್‌ಬೋನ್ ಕಲಿತು ಗುಟ್ಟಾಗಿ ಅಭ್ಯಾಸ ಮಾಡಿಸಿದರು. ಅದೇ ಸದರ್ನ್ ಕ್ಯಾಲಿಫೋರ್ನಿಯಾವನ್ನ 17-10ರಲ್ಲಿ ಸೋಲಿಸಿದರು. ಅವತ್ತು ಅಲಬಾಮ ಪರ ಮೊದಲ ಕಪ್ಪು ಆಟಗಾರ ಜಾನ್ ಮಿಚೆಲ್ ಮೈದಾನದಲ್ಲಿದ್ದರು. ಆ ಹೊತ್ತಿಗೆ ಒಕ್ಲಹೋಮಾ ಕೂಡ ಇದೇ ಆಟ ಕಲಿತು 1971ರಲ್ಲಿ ಪಂದ್ಯಕ್ಕೆ ಸರಾಸರಿ 472 ಗಜ ಓಡಿತು. ಟೆಕ್ಸಸ್‌ಗೆ 48-27ರಲ್ಲಿ ಅದರದ್ದೇ ಮದ್ದು ಕುಡಿಸಿತು.

ಹಳೇ ಕಾಲದ ಮಾತು ಬಿಡಿ ಅಂತೀರಾ? 2018ರ ಸೆಪ್ಟೆಂಬರ್ 22. ಸೇನಾ ಅಕಾಡೆಮಿಯ ಆರ್ಮಿ ತಂಡ ಒಕ್ಲಹೋಮಾಗೆ ಹೋಯ್ತು. ಎದುರಿಗಿದ್ದ ಕ್ವಾರ್ಟರ್‌ಬ್ಯಾಕ್ ಕೈಲರ್ ಮರ್ರಿ, ಆ ವರ್ಷದ ಅತ್ಯುತ್ತಮ ಆಟಗಾರ. ಅವನನ್ನ ತಡೆಯೋದು ಹೇಗೆ? ಚೆಂಡನ್ನೇ ಕೊಡದಿದ್ದರಾಯ್ತು! ಆರ್ಮಿ ಅದೇ ಟ್ರಿಪಲ್ ಆಪ್ಷನ್ ಆಡಿ 60 ನಿಮಿಷದಲ್ಲಿ 44 ನಿಮಿಷಕ್ಕಿಂತ ಹೆಚ್ಚು ಚೆಂಡು ತನ್ನಲ್ಲೇ ಇಟ್ಟುಕೊಂಡಿತು. ಕೊನೆಗೆ ಓವರ್‌ಟೈಮ್‌ನಲ್ಲಿ 28-21ಕ್ಕೆ ಸೋತಿತು, ನಿಜ. ಆದರೆ ಒಕ್ಲಹೋಮಾದಂಥ ತಂಡವನ್ನ ಅಲ್ಲಿಯವರೆಗೆ ಎಳೆದಿದ್ದೇ ದೊಡ್ಡದು.

ಕಾಲೇಜು ಕೋಚ್‌ಗೆ ಸಿಗೋದು ವಿದ್ಯಾರ್ಥಿಗಳು. ನಾಲ್ಕು ವರ್ಷ ಇರ್ತಾರೆ, ಹೋಗ್ತಾರೆ. ಎಲ್ಲರಿಗೂ ಮರ್ರಿ ಸಿಗಲ್ಲ. ಇರೋ ಹುಡುಗರನ್ನ ಇಟ್ಟುಕೊಂಡು ದೊಡ್ಡವರ ಎದುರು ನಿಲ್ಲಬೇಕಾದರೆ ಓಟ ಈಗಲೂ ಒಳ್ಳೆ ದಾರಿ. ಎದುರಾಳಿ ತಪ್ಪು ಆರಿಸೋವರೆಗೂ ತಾಳ್ಮೆಯಿಂದ ಓಡಬೇಕು, ಒಂದು ಪಾಸ್ ಮಾತ್ರ ಜೇಬಲ್ಲಿ ಇಟ್ಟುಕೊಂಡಿರಬೇಕು.

ನಾಲ್ಕನೇ ಅವಕಾಶ, 3 ಗಜ ಬಾಕಿ. ನೀವಾಗಿದ್ದರೆ ಏನು ಮಾಡ್ತಿದ್ರಿ? ಯೋಚನೆ ಮಾಡ್ತಾ ಇರಿ. ಮತ್ತೆ ಸಿಗೋಣ.