ಬೂದಿ ಬುಧವಾರದಿಂದ ಈಸ್ಟರ್‌ವರೆಗೆ: ಕ್ರೈಸ್ತರ ತಪಸ್ಸು ಕಾಲ ಮೊದಲು ಹೆಂಗಿತ್ತು, ಈಗ ಹೆಂಗೈತಿ?

ಹಾವೇರಿ: ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲ ಜೋರಾಗಿ ಬರೋ ಹೊತ್ತಿಗೇ ಕ್ರೈಸ್ತರ ತಪಸ್ಸು ಕಾಲವೂ ಬರುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಲೆಂಟ್ ಅಂತಾರೆ. 2026ರಲ್ಲಿ ಶಿವರಾತ್ರಿ ಮುಗಿದ ಮೂರೇ ದಿನಕ್ಕೆ, ಫೆಬ್ರವರಿ 18ರಂದು ಬೂದಿ ಬುಧವಾರ. ರಂಜಾನ್ ಉಪವಾಸ ಶುರುವಾಗೋದೂ ಅದೇ ವಾರ. ಶುಭ ಶುಕ್ರವಾರ ಏಪ್ರಿಲ್ 3, ಈಸ್ಟರ್ ಏಪ್ರಿಲ್ 5.

40 ದಿನದ ಲೆಕ್ಕ

ಯೇಸು ಅಡವಿಯಲ್ಲಿ 40 ದಿನ ಉಪವಾಸ ಮಾಡಿದ ನೆನಪಿಗೆ ಈ ಆಚರಣೆ. ಬೂದಿ ಬುಧವಾರದಿಂದ ಈಸ್ಟರ್ ಹಿಂದಿನ ದಿನದವರೆಗೆ ಎಣಿಸಿದರೆ 46 ದಿನ ಆಗುತ್ತದೆ. ಆರು ಭಾನುವಾರ ಉಪವಾಸದ ಲೆಕ್ಕಕ್ಕಿಲ್ಲ. ಹಣೆಗೆ ಹಚ್ಚುವ ಬೂದಿಯನ್ನು ಹಿಂದಿನ ವರ್ಷದ ಗರಿಗಳ ಭಾನುವಾರದ ಗರಿ ಸುಟ್ಟು ಮಾಡುತ್ತಾರೆ.

ಕಥೋಲಿಕರಲ್ಲಿ ಬದಲಾಗಿದ್ದೇನು?

ಹಳೇ ನಿಯಮ ಬಿಗಿ ಇತ್ತು. ಭಾನುವಾರ ಬಿಟ್ಟರೆ ಉಳಿದ ದಿನವೆಲ್ಲ ಒಪ್ಪೊತ್ತಿನ ಊಟ. ಮೈಮುರಿದು ದುಡಿಯೋರಿಗೆ, ರೋಗಿಗಳಿಗೆ ವಿನಾಯಿತಿ ಇತ್ತು. 1966ರಲ್ಲಿ ಪೋಪ್ ಆರನೇ ಪೌಲರು ಇದನ್ನು ಸಡಿಲಿಸಿದರು. ಕಡ್ಡಾಯ ಉಪವಾಸ ಎರಡೇ ದಿನಕ್ಕೆ ಇಳಿಯಿತು: ಬೂದಿ ಬುಧವಾರ ಮತ್ತು ಶುಭ ಶುಕ್ರವಾರ. 1983ರ ಸಂಹಿತೆ ಪ್ರಕಾರ 18 ತುಂಬಿದವರಿಂದ 60ಕ್ಕೆ ಕಾಲಿಡುವವರೆಗೆ ಈ ಉಪವಾಸ. 14 ತುಂಬಿದವರಿಗೆ ಮಾಂಸ ವರ್ಜ್ಯ.

ಮೀನು, ಮೊಟ್ಟೆ, ಹಾಲು ಈ ನಿಷೇಧದಲ್ಲಿ ಬರೋದಿಲ್ಲ. "ಶುಕ್ರವಾರ ಕೋಳಿ ಬೇಡ ಅಂದವ್ರು ಮೀನು ಹೆಂಗ ತಿಂತಾರ?" ಅನ್ನೋ ಪ್ರಶ್ನೆಗೆ ಉತ್ತರ ಇಷ್ಟೇ.

ಪೂಜೆಯ ಭಾಷೆಯೂ ಬದಲಾಯ್ತು. 1962-65ರ ಎರಡನೇ ವ್ಯಾಟಿಕನ್ ಸಭೆಯ ನಂತರ ಲ್ಯಾಟಿನ್ ಜಾಗಕ್ಕೆ ಕನ್ನಡ ಬಂತು. ಮೊದಲು ಬೆಳಿಗ್ಗೆಯೇ ನಡೆಯುತ್ತಿದ್ದ ಪವಿತ್ರ ಗುರುವಾರದ ಪೂಜೆ 1956ರಿಂದ ಸಂಜೆಗೆ ಹೋಗಿತ್ತು. ಅಂಗಡಿ, ಕೂಲಿ ಮುಗಿಸಿ ಬರೋರಿಗೆ ಇದರಿಂದ ಅನುಕೂಲ. ಬ್ಯಾಡಗಿಯಲ್ಲಂತೂ ಗುರುವಾರ ಮಾರುಕಟ್ಟೆ ದಿನ.

ಸಿಎಸ್‌ಐ ದಾರಿ ಬೇರೆ

ನಮ್ಮ ಭಾಗಕ್ಕೆ ಪ್ರೊಟೆಸ್ಟಂಟ್ ಪರಂಪರೆ ತಂದಿದ್ದು ಬಾಸೆಲ್ ಮಿಷನ್. 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂತು. ಬಾಸೆಲ್ ಇರೋದು ಸ್ವಿಟ್ಜರ್ಲೆಂಡಿನಲ್ಲಿ. ಅದೇ ದೇಶದ ಜ್ಯೂರಿಕ್‌ನಲ್ಲಿ 1522ರಲ್ಲಿ ಲೆಂಟ್ ದಿನವೇ ಕೆಲವರು ಮಾಂಸ ತಿಂದಾಗ, ಸುಧಾರಕ ಜ್ವಿಂಗ್ಲಿ ಅವರ ಪರ ನಿಂತ. ಉಪವಾಸ ಮಾಡೋದು ಬಿಡೋದು ಅವರವರ ಮನಸ್ಸಿಗೆ ಬಿಟ್ಟದ್ದು ಅಂದ. ಹಂಗಾಗಿ ಈ ಪರಂಪರೆಯಲ್ಲಿ ಊಟದ ಕಟ್ಟುಪಾಡಿಗಿಂತ ಬೈಬಲ್ ಓದು, ಪ್ರಾರ್ಥನೆಗೆ ತೂಕ ಹೆಚ್ಚು. ಪೆಂಟೆಕೊಸ್ಟಲ್ ಸಭೆಗಳಲ್ಲಿ ಹೆಚ್ಚಿನವು ಲೆಂಟ್ ಆಚರಿಸುವುದೇ ಇಲ್ಲ.

ಈಗಿನ ಪ್ರಶ್ನೆ

ನಿಯಮ ಸಡಿಲಾದ ಮೇಲೆ ಭಾರ ಮನಸ್ಸಾಕ್ಷಿ ಮೇಲೆ ಬಿತ್ತು. ಮಾಂಸ ಬಿಟ್ಟು ದುಬಾರಿ ಮೀನು ತಂದರೆ ಅದು ತ್ಯಾಗವೇ? ಹಿರಿಯರ ಅನುಮಾನ ಇದು. ಕೆಲವರು ಈಗ ಕುಡಿತ, ಸಿಗರೇಟು, ಮೊಬೈಲ್ ಬಿಡುತ್ತಾರೆ. ಉಳಿದ ದುಡ್ಡು ಬಡವರಿಗೆ ಮುಟ್ಟಬೇಕು ಅನ್ನೋದು ಮೊದಲಿಂದಲೂ ಇರುವ ಮಾತು. ಉಪವಾಸ, ಪ್ರಾರ್ಥನೆ, ದಾನ ಮೂರೂ ಕೂಡಿದರೇ ತಪಸ್ಸು.

ನೆರೆಹೊರೆಯವರಿಗೆ

ಶುಭ ಶುಕ್ರವಾರ ಯೇಸು ಶಿಲುಬೆಗೇರಿದ ದಿನ. ಅವತ್ತು "ಹ್ಯಾಪಿ" ಅನ್ನೋ ಸ್ಟೇಟಸ್ ಹಾಕೋದು ಬೇಡ. ಶುಭಾಶಯ ಈಸ್ಟರ್‌ಗೆ ಇರಲಿ. ಅಂಗಡಿಯಲ್ಲಿ ಕ್ರೈಸ್ತ ಕೆಲಸಗಾರರಿದ್ದರೆ ಶುಕ್ರವಾರ ಮಧ್ಯಾಹ್ನದ ಆರಾಧನೆಗೆ ಬಿಡುವು ಬೇಕೇನು ಅಂತ ಮೊದಲೇ ಕೇಳಿಬಿಡಿ. ಶಿವರಾತ್ರಿ ಉಪವಾಸ, ರಂಜಾನ್ ರೋಜಾ ಕಂಡ ಊರಿಗೆ ಇದೇನು ಹೊಸದಲ್ಲ.