ನಾಗಚಂದ್ರನ ರಾವಣ: ಚಿತ್ತವಿಕಾರದ ಒಂದು ಪರಿಶೀಲನೆ

ಅಭಿನವಪಂಪನೆಂದು ಹೆಸರಾದ ನಾಗಚಂದ್ರನ ‘ರಾಮಚಂದ್ರಚರಿತಪುರಾಣ’ದ ರಾವಣನನ್ನು ಕುರಿತು ಕನ್ನಡದಲ್ಲಿ ನಡೆದಿರುವ ಚರ್ಚೆ ಅಲ್ಪವಲ್ಲ. ಬಿ. ಎಂ. ಶ್ರೀಕಂಠಯ್ಯನವರು ಇಂಗ್ಲಿಷಿನಲ್ಲಿ ಬರೆದ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಈತನನ್ನು ದುರಂತನಾಯಕನೆಂದು ಎತ್ತಿಹಿಡಿದಂದಿನಿಂದ ಆ ಅಭಿಪ್ರಾಯ ನಮ್ಮ ವಿಮರ್ಶೆಯಲ್ಲಿ ನೆಲೆನಿಂತಿದೆ. ಸೋಫೋಕ್ಲಿಸನ ನಾಟಕವನ್ನು ಆಧರಿಸಿ ೧೯೨೯ರಲ್ಲಿ ‘ಅಶ್ವತ್ಥಾಮನ್’ ರಚಿಸಿದ ಅವರಿಗೆ ಹಳಗನ್ನಡದ ಪ್ರತಿನಾಯಕರಲ್ಲಿ ಗ್ರೀಕ್ ವೀರರ ಛಾಯೆ ಕಂಡದ್ದು ಸಹಜವೇ. ಈಚೆಗೆ ಇನ್ನೊಂದು ಬಗೆಯ ಮಾತು ಕೇಳಿಬರುತ್ತದೆ. ಪ್ರಾಚೀನ ಕಥೆಗಳ ಖಳರನ್ನು ಮನೋರೋಗಿಗಳೆಂದು ಗುರುತಿಸಿ, ಅವರವರ ನಡತೆಗೆ ಆಧುನಿಕ ವೈದ್ಯಶಾಸ್ತ್ರದ ಒಂದೊಂದು ಹೆಸರನ್ನು ಹಚ್ಚುವ ಕ್ರಮವದು. ಹೆಸರು ಹಚ್ಚುವುದು ಸುಲಭ. ಹಚ್ಚಿದ ಮೇಲೆ ಕಾವ್ಯವನ್ನು ಓದುವ ಕೆಲಸ ನಿಂತುಹೋಗುತ್ತದೆ. ವೈದ್ಯನಿಗೆ ರೋಗಿಯ ಮಾತು ಕೇಳಲು ಸಿಗುತ್ತದೆ. ನಮಗೆ ಸಿಗುವುದು ಕವಿಯ ಮಾತು ಮಾತ್ರ.

ಹಾಗೆಂದು ಪ್ರಶ್ನೆಯೇ ಅಯುಕ್ತವೆಂದು ತಳ್ಳಿಹಾಕುವಂತಿಲ್ಲ. ನಾಗಚಂದ್ರನು ಒಬ್ಬ ಸತ್ಪುರುಷನ ಚಿತ್ತ ಕದಡುವುದನ್ನೂ, ಅದು ಮತ್ತೆ ತಿಳಿಯಾಗುವುದನ್ನೂ ಚಿತ್ರಿಸಿದ್ದಾನೆ. ತಿಳಿಯಾದ ಮೇಲೆಯೂ ಆತ ಯುದ್ಧಕ್ಕೆ ಹೋಗುತ್ತಾನೆ, ಸಾಯುತ್ತಾನೆ. ಏಕೆ ಎಂಬುದೇ ಪ್ರಕೃತ ಲೇಖನದ ವಿಚಾರ. ರಾವಣನು ರೋಗಿಯಾಗಿಯೇ ಸತ್ತನೆನ್ನುವುದಾದರೆ, ಕೊನೆಯ ದಿನದ ಯುದ್ಧದಲ್ಲಿ ಬಿದ್ದವರ ಸಾವಿಗೆ ಯಾರನ್ನೂ ಹೊಣೆ ಮಾಡುವಂತಿಲ್ಲ. ಕವಿಯ ಅಭಿಪ್ರಾಯ ಅದಾಗಿರಲಾರದು.

ಜೈನ ರಾಮಕಥೆಗೆ ಎರಡು ಧಾರೆಗಳಿರುವುದು ಓದುಗರಿಗೆ ವಿದಿತವೇ ಆಗಿದೆ. ಗುಣಭದ್ರನ ಉತ್ತರಪುರಾಣದ ಧಾರೆಯಲ್ಲಿ ಸೀತೆ ರಾವಣನ ಮಗಳೇ ಆಗಿದ್ದಾಳೆ. ಕನ್ನಡದಲ್ಲಿ ೯೭೮ರ ಚಾವುಂಡರಾಯಪುರಾಣ ಆ ಧಾರೆಗೆ ಸೇರಿದ್ದು. ಕ್ರಿ.ಶ. ೧೧೦೦ರ ಸುಮಾರಿನ ನಾಗಚಂದ್ರ ಆ ದಾರಿಯನ್ನು ಹಿಡಿಯಲಿಲ್ಲ. ಪ್ರಾಕೃತದಲ್ಲಿ ವಿಮಲಸೂರಿಯ ‘ಪಉಮಚರಿಯ’, ಸಂಸ್ಕೃತದಲ್ಲಿ ಏಳನೆಯ ಶತಮಾನದ ರವಿಷೇಣನ ‘ಪದ್ಮಚರಿತ’, ಈ ಹಾದಿಯೇ ಅವನದು. ಈ ಹಾದಿಯಲ್ಲಿ ರಾವಣ ರಾಕ್ಷಸನಲ್ಲ, ವಿದ್ಯಾಧರ ವಂಶದ ಅರಸು. ಹತ್ತು ತಲೆಯವನೂ ಅಲ್ಲ. ಶಿಶುವಾಗಿದ್ದಾಗ ಕೈಗೆತ್ತಿಕೊಂಡ ಹಾರದ ರತ್ನಗಳಲ್ಲಿ ಮುಖದ ಪ್ರತಿಬಿಂಬಗಳು ಮೂಡಿದ್ದರಿಂದ ದಶಮುಖನಾದವನು. ಮಾಂಸಾಹಾರಿ ರಾವಣ, ಆರು ತಿಂಗಳು ಮಲಗುವ ಕುಂಭಕರ್ಣ ಇವರ ಕಥೆಗಳನ್ನು ನಂಬುವುದು ಹೇಗೆಂದು ಶ್ರೇಣಿಕನು ಗೌತಮ ಗಣಧರರನ್ನು ಕೇಳುವುದರಿಂದಲೇ ಆ ಪುರಾಣ ತೊಡಗುತ್ತದೆ. ವಿಕೃತರೂಪವನ್ನು ಹೀಗೆ ಕಳಚಿಹಾಕಿದ ಮೇಲೆ ಕವಿಗೆ ಉಳಿದದ್ದು ಕಠಿಣತರವಾದ ಕೆಲಸ. ರಾಕ್ಷಸನು ಪರಸ್ತ್ರೀಯನ್ನು ಕದ್ದರೆ ವಿವರಣೆ ಬೇಕಿಲ್ಲ. ಜಿನಭಕ್ತನಾದ, ವ್ರತಧಾರಿಯಾದ ಅರಸು ಕದ್ದರೆ ಕವಿ ಅವನ ಮನಸ್ಸಿನೊಳಕ್ಕೆ ಇಳಿಯಲೇಬೇಕಾಗುತ್ತದೆ.

ಆ ವ್ರತದ ಹಿನ್ನೆಲೆಯನ್ನು ನೋಡಬೇಕು. ದುರ್ಲಂಘ್ಯಪುರದ ಒಡೆಯ ನಳಕೂಬರನ ಹೆಂಡತಿ ಉಪರಂಭೆ ತಾನಾಗಿ ರಾವಣನನ್ನು ಬಯಸಿ ದೂತಿಯನ್ನು ಕಳುಹುತ್ತಾಳೆ. ರಾವಣನಿಗೆ ಅದು ಹೇಯವೆನಿಸುತ್ತದೆ. ಆದರೆ ಕೋಟೆಯನ್ನು ಕಾಯುವ ವಿದ್ಯೆಯ ಗುಟ್ಟು ಆಕೆಯಲ್ಲಿದೆ. ವಿಮಲಸೂರಿ-ರವಿಷೇಣರ ಕಥೆಯಲ್ಲಿ ವಿಭೀಷಣನ ಸಲಹೆಯಂತೆ ಒಪ್ಪಿದವನಂತೆ ನಟಿಸಿ, ಗುಟ್ಟನ್ನು ಪಡೆದು, ಕೋಟೆಯನ್ನು ಗೆದ್ದ ಮೇಲೆ, ವಿದ್ಯೆಯನ್ನಿತ್ತ ನೀನು ನನಗೆ ಗುರುಸ್ಥಾನದವಳಾದೆ ಎಂದು ಬುದ್ಧಿ ಹೇಳಿ ಅವಳನ್ನು ಗಂಡನಲ್ಲಿಗೆ ಕಳುಹುತ್ತಾನೆ. ಈ ಪ್ರಸಂಗವನ್ನು ರಾವಣನ ಶೀಲದ ನಿದರ್ಶನವೆಂದೇ ಎಲ್ಲರೂ ಎತ್ತಿ ತೋರುತ್ತಾರೆ. ಅದು ನಿಜ. ಆದರೆ ಅದರೊಳಗೆ ಒಂದು ಸುಳ್ಳೂ ಇದೆ ಎಂಬುದನ್ನು ಗಮನಿಸಿದವರು ಕಡಮೆ. ಗೆಲುವಿಗಾಗಿ ಮಾಯೆಯನ್ನು ಬಳಸಬಹುದೆಂಬ ಪಾಠ ಅವನಿಗೆ ಅಲ್ಲಿಯೇ ಆಗಿದೆ. ಇದಾದ ಮೇಲೆ ಅನಂತವೀರ್ಯ ಕೇವಲಿಯ ಸನ್ನಿಧಿಯಲ್ಲಿ, ತನ್ನನ್ನು ಒಲ್ಲದ ಪರಾಂಗನೆಯನ್ನು ಬಲಾತ್ಕರಿಸೆನೆಂಬ ವ್ರತವನ್ನು ಕೈಕೊಳ್ಳುತ್ತಾನೆ. ವ್ರತದಿಂದ ಶೀಲ ಬಂದದ್ದಲ್ಲ, ಇದ್ದ ಶೀಲಕ್ಕೆ ವ್ರತ ಮುದ್ರೆಯಾಯಿತು. ಒಂದು ದೃಷ್ಟಿಯಿಂದ ಇದು ಅಪಾಯದ ವ್ರತ. ಒಲ್ಲದವಳನ್ನು ಮುಟ್ಟೆನೆಂಬ ಮಾತಿನಲ್ಲಿ, ನನ್ನನ್ನು ಒಲ್ಲದವಳು ಇರಲಾರಳೆಂಬ ಗರ್ವ ಅಡಗಿರಬಹುದಲ್ಲವೆ?

ಅನಂತರ ದಂಡಕಾರಣ್ಯದ ಘಟನೆ. ಸೂರ್ಯಹಾಸ ಖಡ್ಗಕ್ಕಾಗಿ ತಪದಲ್ಲಿದ್ದ ಶಂಬೂಕನು ಲಕ್ಷ್ಮಣನ ಕೈಯಲ್ಲಿ ಅರಿಯದೆ ಹತನಾಗುತ್ತಾನೆ. ಖರನು ಯುದ್ಧಕ್ಕೆ ಬರುತ್ತಾನೆ. ಅವನ ನೆರವಿಗೆಂದು ಬಂದ ರಾವಣನು ಸೀತೆಯನ್ನು ನೋಡುತ್ತಾನೆ. ಇಲ್ಲಿ ನಾಗಚಂದ್ರನು ಕಾಲವಶದಿಂದ ಕಡಲೂ ಒಮ್ಮೆ ಮೇರೆಯನ್ನು ದಾಟುವ ಉಪಮೆಯನ್ನು ತರುತ್ತಾನೆ. ಕನ್ನಡ ಬಲ್ಲವರೆಲ್ಲ ಬಾಯಲ್ಲಿ ಆಡುವ ಪದ್ಯವದು. ಅದರ ಪ್ರಸಿದ್ಧಿಯೇ ಅದರ ಅರ್ಥವನ್ನು ಸ್ವಲ್ಪ ಮಬ್ಬುಗೊಳಿಸಿದೆ. ಕಡಲು ಮೇರೆ ದಾಟುವುದು ರೋಗವಲ್ಲ, ಅದರ ಸ್ವಭಾವವೂ ಅಲ್ಲ. ಮೇರೆ ದಾಟಿದ ಕಡಲು ಹಿಂದಕ್ಕೆ ಸರಿಯುತ್ತದೆ. ಸರಿಯುವುದೆಂಬ ಭಾಗವನ್ನು ಕವಿ ಮುಂದಿನ ಕಥೆಗೆ ಉಳಿಸಿಕೊಂಡಿದ್ದಾನೆ.

ಅವಲೋಕಿನೀ ವಿದ್ಯೆಯಿಂದ ಇವರಾರೆಂದು ತಿಳಿದುಕೊಂಡು, ಲಕ್ಷ್ಮಣನ ಸಂಕೇತವಾದ ಸಿಂಹನಾದವನ್ನು ಕೃತಕವಾಗಿ ಹೊರಡಿಸಿ, ರಾಮನನ್ನು ದೂರ ಸಾಗಿಸಿ, ರಾವಣನು ಸೀತೆಯನ್ನು ವಿಮಾನದಲ್ಲಿ ಒಯ್ಯುತ್ತಾನೆ. ಬುದ್ಧಿ ಮಂಕಾದವನ ಕೆಲಸವಲ್ಲ ಇದು. ಚರಕಸಂಹಿತೆ ಪ್ರಜ್ಞಾಪರಾಧವನ್ನು ವಿವರಿಸುವಾಗ ಧೀ, ಧೃತಿ, ಸ್ಮೃತಿ ಎಂಬ ಮೂರರ ಭ್ರಂಶವನ್ನು ಬೇರೆಬೇರೆಯಾಗಿ ಹೇಳುತ್ತದೆ. ಹಿತಾಹಿತವನ್ನು ತಿಳಿಯುವುದು ಧೀ, ವಿಷಯದತ್ತ ಓಡುವ ಮನಸ್ಸನ್ನು ತಡೆಯುವುದು ಧೃತಿ, ತತ್ತ್ವವನ್ನು ನೆನಪಿನಲ್ಲಿರಿಸುವುದು ಸ್ಮೃತಿ. ಈ ಅಳತೆಗೋಲನ್ನು ರಾವಣನಿಗೆ ಹಿಡಿದರೆ ಸ್ಮೃತಿ ಕೆಟ್ಟಿಲ್ಲ. ವ್ರತ ಅವನಿಗೆ ನೆನಪಿದೆ. ಒಲ್ಲದವಳನ್ನು ಬಲದಿಂದಲೇ ಏಕೆ ಪಡೆಯಬಾರದೆಂದು ಮಂಡೋದರಿಯೇ ಕೇಳಿದಾಗ ಅವನು ಕೊಡುವ ಉತ್ತರ ಆ ವ್ರತವೇ. ಧೀ ಕೂಡ ಪೂರ್ತಿ ಅಳಿದಿಲ್ಲ. ಮುರಿದಿರುವುದು ಧೃತಿ. ಅದೂ ಒಂದು ವಿಷಯದಲ್ಲಿ ಮಾತ್ರ. ಅಪಹರಣವೇ ಬಲಾತ್ಕಾರವಲ್ಲವೆ ಎಂದು ಅವನು ತನ್ನನ್ನು ಕೇಳಿಕೊಳ್ಳುವುದಿಲ್ಲ. ವ್ರತದ ಅಕ್ಷರವನ್ನು ಉಳಿಸಿಕೊಂಡು ಅದರ ಪ್ರಾಣವನ್ನು ಕಳೆದವನ ಸ್ಥಿತಿ ಇದು. ಅಲಂಕಾರಶಾಸ್ತ್ರದ ಕಾಮಾವಸ್ಥೆಗಳ ಪಟ್ಟಿಯಲ್ಲಿ ಉನ್ಮಾದ, ವ್ಯಾಧಿ, ಜಡತೆಗಳು ಬರುತ್ತವೆಂಬ ಕಾರಣದಿಂದ ಇವನನ್ನು ಉನ್ಮತ್ತನೆನ್ನುವುದು ಸಲ್ಲದು. ಆ ಪಟ್ಟಿ ಸಜ್ಜನ ನಾಯಕರಿಗೂ ಸಮಾನವಾದದ್ದು.

ಈ ಸ್ಥಿತಿಯನ್ನು ಅರಿಯಲು ಜೈನಶಾಸ್ತ್ರದ ಪರಿಭಾಷೆ ಹೆಚ್ಚು ನೆರವಾಗುತ್ತದೆಂಬುದು ನಮ್ಮ ಅಭಿಪ್ರಾಯ. ಚಿತ್ತ ಒಂದೇ ವಿಷಯದಲ್ಲಿ ನಿಲ್ಲುವುದನ್ನು ಸಾಮಾನ್ಯವಾಗಿ ನಾವು ಗುಣವೆಂದೇ ಬಗೆಯುತ್ತೇವೆ. ತತ್ತ್ವಾರ್ಥಸೂತ್ರ ಹಾಗೆ ಹೇಳುವುದಿಲ್ಲ. ಆರ್ತ, ರೌದ್ರ, ಧರ್ಮ್ಯ, ಶುಕ್ಲ ಎಂದು ಧ್ಯಾನವನ್ನು ನಾಲ್ಕಾಗಿ ವಿಂಗಡಿಸಿ, ಕೊನೆಯ ಎರಡು ಮಾತ್ರ ಮೋಕ್ಷಕ್ಕೆ ಹೇತುವೆನ್ನುತ್ತದೆ. ಬಯಸಿದ್ದು ದೊರೆಯಲೆಂದು ಮನಸ್ಸು ಮತ್ತೆ ಮತ್ತೆ ಅಲ್ಲಿಯೇ ಕೀಲಿಸುವುದು ಆರ್ತಧ್ಯಾನ. ಆದರೂ ಅದು ಧ್ಯಾನವೇ. ರಾವಣನಲ್ಲಿ ಏಕಾಗ್ರತೆಯ ಕೊರತೆ ಎಂದೂ ಇರಲಿಲ್ಲ. ಬಹುರೂಪಿಣೀ ವಿದ್ಯೆಗಾಗಿ ಅವನು ಲಂಕೆಯ ಶಾಂತಿನಾಥ ಜಿನಾಲಯದಲ್ಲಿ ಕುಳಿತ ಸಂದರ್ಭವನ್ನು ನೋಡಿರಿ. ಶತ್ರುಪಕ್ಷದ ಕುಮಾರರು ಒಳನುಗ್ಗಿ ಕಾಟ ಕೊಡುತ್ತಾರೆ, ಅಂತಃಪುರದವರನ್ನು ಅವನೆದುರಿಗೇ ಎಳೆದಾಡುತ್ತಾರೆ. ಅವನು ಕಣ್ಣು ತೆರೆಯುವುದಿಲ್ಲ. ವಿದ್ಯೆ ಸಿದ್ಧಿಸುತ್ತದೆ. ಈ ಸ್ಥೈರ್ಯ ಒಬ್ಬ ಮುನಿಗೆ ಬಂದಿದ್ದರೆ ಉಪಸರ್ಗಜಯವೆಂದು ಪುರಾಣಗಳು ಕೊಂಡಾಡುತ್ತಿದ್ದುವು. ಶಕ್ತಿ ಒಂದೇ, ಅದು ನೆಲೆಸಿದ ಠಾವು ಬೇರೆ. ದುರ್ಬಲಚಿತ್ತನೆಂಬ ಮಾತು ಇವನಿಗೆ ಯಾವ ರೀತಿಯಲ್ಲಿಯೂ ಒಪ್ಪುವುದಿಲ್ಲ.

ವಿದ್ಯೆ ಕೈಸೇರಿದ ಮೇಲೆ ಸೀತೆಯ ಬಳಿಗೆ ಬರುತ್ತಾನೆ. ಇನ್ನು ರಾಮನ ಆಸೆಯನ್ನು ಬಿಡೆಂದಾಗ ಸೀತೆ, ರಾಮನ ಪ್ರಾಣವಿರುವವರೆಗೆ ಮಾತ್ರ ತನ್ನ ಪ್ರಾಣವೆಂದು ಹೇಳಿ ಮೂರ್ಛೆ ಹೋಗುತ್ತಾಳೆ. ಆ ಕ್ಷಣದಲ್ಲಿ ರಾವಣನ ಮನಸ್ಸು ತಿರುಗುತ್ತದೆ. ಇಂಥ ದಂಪತಿಯನ್ನು ಅಗಲಿಸಿದೆನಲ್ಲಾ, ವಿಭೀಷಣನ ಹಿತವಚನವನ್ನು ಮೀರಿದೆನಲ್ಲಾ ಎಂದು ಪರಿತಪಿಸುತ್ತಾನೆ. ಕಾಮ ಅಲ್ಲಿಗೆ ಆರಿಹೋಗುತ್ತದೆ. ತಿರುವಿನ ಬೀಜ ಪ್ರಾಕೃತ-ಸಂಸ್ಕೃತ ಮೂಲಗಳಲ್ಲಿಯೇ ಇದೆ. ಅದನ್ನು ಕಥೆಯ ನಡುಗಂಬವಾಗಿ ನಿಲ್ಲಿಸಿದ್ದು ನಾಗಚಂದ್ರನ ಸಾಮರ್ಥ್ಯ.

ಇಲ್ಲಿ ಹಸ್ತಪ್ರತಿಗಳ ಬಳಕೆಯಿರುವವರಿಗೆ ಒಂದು ಸೂಕ್ಷ್ಮ ಹೊಳೆಯುತ್ತದೆ. ಓಲೆಗರಿಯಲ್ಲಿ ಉದ್ಧರಣ ಚಿಹ್ನೆಗಳಿಲ್ಲ. ಪದಗಳ ನಡುವೆ ಬಿಡುವೂ ಇಲ್ಲ. ಪಾತ್ರದ ಸ್ವಗತ ಎಲ್ಲಿ ಮುಗಿಯಿತೆಂಬುದನ್ನು ‘ಎಂದು’ ಎಂಬ ಶಬ್ದ ತಿಳಿಸುತ್ತದೆ. ಎಲ್ಲಿ ಆರಂಭವಾಯಿತೆಂಬುದನ್ನು ತಿಳಿಸುವ ಗುರುತು ಬಹುಮಟ್ಟಿಗೆ ಇರುವುದಿಲ್ಲ. ಬಿ. ಎಲ್. ರೈಸ್ ಅವರು ೧೮೯೨ರಲ್ಲಿ ಈ ಕಾವ್ಯವನ್ನು ಅಚ್ಚಿಗೆ ತಂದಂದಿನಿಂದ ನಾವು ಅಚ್ಚಿನ ಪುಟಕ್ಕೆ ಒಗ್ಗಿದ್ದೇವೆ. ಅಚ್ಚಿನಲ್ಲಿ ಚಿಹ್ನೆ ಹಾಕುವ ಸಂಪಾದಕ ತನಗರಿಯದೆಯೇ ಇದು ರಾವಣನ ವಿವೇಕ, ಇದು ಕವಿಯ ತೀರ್ಪು ಎಂದು ಗೆರೆ ಎಳೆದುಬಿಡುತ್ತಾನೆ. ಓಲೆಯ ಮೇಲೆ ಆ ಗೆರೆ ಇಲ್ಲ. ರಾವಣನು ತನ್ನನ್ನು ತಾನು ಖಂಡಿಸಿಕೊಳ್ಳುವ ಮಾತು ಕವಿಯ ಮಾತಿನೊಡನೆ ಬೆರೆತೇ ಬರುತ್ತದೆ. ಆ ಘಳಿಗೆಯಲ್ಲಿ ಅವನ ತಿಳಿವು ಕವಿಯ ತಿಳಿವಿಗೆ ಸಮನಾಗಿದೆ. ಇಂಥವನನ್ನು ರೋಗಿಯೆನ್ನುವುದು ಹೇಗೆ?

ಆದರೆ ಸ್ವಗತ ಅಲ್ಲಿಗೆ ನಿಲ್ಲುವುದಿಲ್ಲ. ಈಗಲೇ ಸೀತೆಯನ್ನು ಒಪ್ಪಿಸಿದರೆ ಲೋಕ ತನ್ನನ್ನು ಅಂಜಿದವನೆಂದೀತು. ಆದ್ದರಿಂದ ರಾಮಲಕ್ಷ್ಮಣರನ್ನು ಯುದ್ಧದಲ್ಲಿ ಗೆದ್ದು, ಸೆರೆಹಿಡಿದು ತಂದು, ಅನಂತರ ಸೀತೆಯನ್ನು ಕೊಟ್ಟು ಕಳುಹುವೆನೆಂದು ನಿಶ್ಚಯಿಸುತ್ತಾನೆ. ಇಡೀ ಕಾವ್ಯದಲ್ಲಿ ಇದಕ್ಕಿಂತ ಭಯಂಕರವಾದ ವಾಕ್ಯವಿಲ್ಲವೆಂದು ನಮಗೆ ತೋರುತ್ತದೆ. ಕಾರಣವಿಲ್ಲದ ಯುದ್ಧ ಇಲ್ಲಿ ಹುಟ್ಟುತ್ತದೆ. ಸೀತೆ ಬೇಡ, ಆದರೆ ಸೀತೆಗಾಗಿ ಯುದ್ಧ ಬೇಕು.

ಶಾಸ್ತ್ರದಲ್ಲಿ ಇದಕ್ಕೆ ನಿಖರವಾದ ಹೆಸರಿದೆ: ಮಾನಕಷಾಯ. ಚಾವುಂಡರಾಯನಿಗಾಗಿ ರಚಿತವಾದುದೆಂದು ಪ್ರಸಿದ್ಧವಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯ ಗೋಮ್ಮಟಸಾರದಲ್ಲಿ ಮಾನದ ತರತಮಗಳನ್ನು ಕಲ್ಲು, ಎಲುಬು, ಮರ, ಬೆತ್ತ ಎಂಬ ನಾಲ್ಕು ಹೋಲಿಕೆಗಳಿಂದ ತಿಳಿಸಲಾಗಿದೆ. ಬೆತ್ತ ಬಾಗುತ್ತದೆ, ಮರ ಕಷ್ಟದಿಂದ ಬಾಗೀತು, ಎಲುಬು ಇನ್ನೂ ಬಿಗಿ, ಕಲ್ಲು ಬಾಗಲಾರದು, ಒಡೆಯುತ್ತದೆ. ಅಷ್ಟೇ ಅಲ್ಲ, ಕಷಾಯಗಳ ವಾಸನೆ ಎಷ್ಟು ಕಾಲ ನಿಲ್ಲುತ್ತದೆಂಬ ಲೆಕ್ಕವೂ ಅಲ್ಲಿದೆ: ಸಂಜ್ವಲನಕ್ಕೆ ಅಂತರ್ಮುಹೂರ್ತ, ಪ್ರತ್ಯಾಖ್ಯಾನಾವರಣಕ್ಕೆ ಒಂದು ಪಕ್ಷ, ಅಪ್ರತ್ಯಾಖ್ಯಾನಾವರಣಕ್ಕೆ ಆರು ತಿಂಗಳು, ಅನಂತಾನುಬಂಧಿಗೆ ಭವಭವಾಂತರ. ಒಂದು ಭಾವದ ತೀವ್ರತೆಯನ್ನು ಅದು ಬಿಡದೆ ನಿಲ್ಲುವ ಅವಧಿಯಿಂದ ಅಳೆಯುವ ಈ ಕ್ರಮ ಸೂಕ್ಷ್ಮವಾದದ್ದು. ರಾವಣನ ಕಾಮ ಎಷ್ಟು ಉಗ್ರವಾಗಿ ತೋರಿದರೂ ಒಂದು ಮೂರ್ಛೆಯ ನೋಟದಿಂದ ಕಳಚಿಬಿತ್ತು. ಅಬ್ಬರವಿಲ್ಲದೆ ಕೆಳಗೆ ಕುಳಿತಿದ್ದ ಮಾನ ಕದಲಲಿಲ್ಲ. ಮೂಲಕಥೆಯಲ್ಲಿ, ತಾನೆಸೆದ ಚಕ್ರ ಲಕ್ಷ್ಮಣನ ಕೈಗೆ ಹೋಗಿ ನಿಂತ ಮೇಲೂ, ಸೀತೆಯನ್ನೊಪ್ಪಿಸಿ ಬದುಕಿಕೊಳ್ಳೆಂಬ ಅವಕಾಶ ಅವನಿಗೆ ದೊರೆಯುತ್ತದೆ. ಕೊಡಬೇಕೆಂದು ತಾನೇ ನಿಶ್ಚಯಿಸಿದ್ದನ್ನು ಕೊಡೆಂದು ಇನ್ನೊಬ್ಬನು ಹೇಳಿದ್ದರಿಂದ ಕೊಡದೆ ಹೋಗುತ್ತಾನೆ.

ಪ್ರತಿವಾಸುದೇವನು ವಾಸುದೇವನಿಂದ ಹತನಾಗಲೇಬೇಕೆಂಬ ನಿಯತಿಯಿರುವಾಗ ಈ ವಿಚಾರವೆಲ್ಲ ಏಕೆಂದು ಆಕ್ಷೇಪಿಸಬಹುದು. ನಿಯತಿ ಸಾವನ್ನು ವಿಧಿಸುತ್ತದೆ; ಯಾವ ಮನಃಸ್ಥಿತಿಯಲ್ಲಿ ಸಾಯಬೇಕೆಂಬುದು ಕವಿಗೆ ಬಿಟ್ಟದ್ದು. ಹೋಲಿಕೆಗೆ ಜನ್ನನ ‘ಅನಂತನಾಥಪುರಾಣ’ದ (೧೨೩೦) ಚಂಡಶಾಸನನನ್ನು ನೋಡಬಹುದು. ಮಿತ್ರನಾದ ವಸುಷೇಣನ ಮಡದಿ ಸುನಂದೆಯನ್ನು ಕದ್ದೊಯ್ದು, ಗಂಡನ ತಲೆಯೆಂದು ಮಾಯೆಯ ತಲೆಯೊಂದನ್ನು ತೋರಿಸಿ ಅವಳ ಸಾವಿಗೆ ಕಾರಣನಾಗಿ, ಕೊನೆಗೆ ಅವಳೊಡನೆ ತಾನೂ ಚಿತೆಯಲ್ಲಿ ಉರಿದುಹೋಗುವವನು ಅವನು. ಅವನಲ್ಲಿ ಕೊನೆಯವರೆಗೂ ಉಳಿದದ್ದು ರಾಗ. ಮಾನದ ಲೆಕ್ಕವೇ ಅವನಿಗಿಲ್ಲ. ಚಿತ್ತಭ್ರಂಶವೆಂಬ ಮಾತನ್ನು ಬಳಸಲೇಬೇಕೆಂದರೆ ಚಂಡಶಾಸನನಿಗೆ ಬಳಸಬಹುದು. ಅವನ ಬಗ್ಗೆ ನಮಗೆ ಮರುಕ ಹುಟ್ಟುವುದೂ ಬೇರೆ ರೀತಿಯದು. ರಾವಣನ ಬಗ್ಗೆ ಹುಟ್ಟುವುದು ಮರುಕಕ್ಕಿಂತ ಹೆಚ್ಚಾಗಿ ಅಂಜಿಕೆ, ಏಕೆಂದರೆ ಅವನ ಕೊನೆಯ ತರ್ಕದಲ್ಲಿ ನಾವು ಅರಿಯದ ಅಂಶ ಒಂದೂ ಇಲ್ಲ.

ರವಿಷೇಣನಲ್ಲಿ ಕಥೆ ಯುದ್ಧರಂಗದಲ್ಲಿ ಮುಗಿಯುವುದಿಲ್ಲ. ತಪಸ್ಸಿನಿಂದ ಅಚ್ಯುತಸ್ವರ್ಗದಲ್ಲಿ ಹುಟ್ಟಿದ ಸೀತೆಯ ಜೀವ ಮೂರನೆಯ ನರಕಕ್ಕೆ ಇಳಿದುಹೋಗುತ್ತದೆ. ಅಲ್ಲಿ ರಾವಣನಿದ್ದಾನೆ, ಲಕ್ಷ್ಮಣನೂ ಇದ್ದಾನೆ. ಅವರ ವೈರವನ್ನು ಬಿಡಿಸಿ, ಆ ಜೀವ ಅವರಿಗೆ ಧರ್ಮವನ್ನು ಬೋಧಿಸುತ್ತದೆ. ಮುಂದೊಂದು ಭವದಲ್ಲಿ ರಾವಣನು ತೀರ್ಥಂಕರನಾಗುವನೆಂದೂ, ಸೀತೆಯ ಜೀವ ಆತನ ಗಣಧರನಾಗಿ ಕೈಮುಗಿದು ನಿಲ್ಲುವುದೆಂದೂ ಪುರಾಣ ಹೇಳುತ್ತದೆ.