ಕೇಳಿದವರು ಒಬ್ಬರು, ಸಹಿ ಹಾಕಿದವರು ಇನ್ನೊಬ್ಬರು

1/6
ನಿಮ್ಮ ತಕರಾರನ್ನು ಒಬ್ಬ ಅಧಿಕಾರಿ ದಿನಗಟ್ಟಲೆ ಕೂತು ಕೇಳ್ತಾರೆ. ಆದೇಶಕ್ಕೆ ಸಹಿ ಹಾಕೋದು ಮಾತ್ರ ಆ ಕೋಣೆಗೆ ಒಮ್ಮೆಯೂ ಬಾರದ ಇನ್ನೊಬ್ಬರು. ಇದು ನ್ಯಾಯನಾ? ಅಮೆರಿಕದ ಸುಪ್ರೀಂ ಕೋರ್ಟಿಗೆ ಈ ಪ್ರಶ್ನೆ ಬಂದದ್ದು ಒಂದು ದನದ ಮಾರುಕಟ್ಟೆಯಿಂದ.

2/6
ಜಾಗ ಕಾನ್ಸಾಸ್ ಸಿಟಿ. ರೈತರು ದನ, ಹಂದಿ, ಕುರಿಗಳನ್ನು ಇಲ್ಲಿನ ದೊಡ್ಡ ಮಾರುಕಟ್ಟೆಗೆ ಕಳಿಸುತ್ತಿದ್ದರು. ಮಾರಿಕೊಡುತ್ತಿದ್ದವರು ಕಮಿಷನ್ ಏಜೆಂಟರು, ನಮ್ಮ ಎಪಿಎಂಸಿ ದಲಾಲರಿದ್ದ ಹಾಗೆ. ದೂರದ ಊರಲ್ಲಿ ಕೂತ ರೈತ ಕಮಿಷನ್ ಬಗ್ಗೆ ಚೌಕಾಸಿ ಮಾಡೋದು ಹೇಗೆ? ಹಾಗಾಗಿ 1921ರ ಪ್ಯಾಕರ್ಸ್ ಆ್ಯಂಡ್ ಸ್ಟಾಕ್‌ಯಾರ್ಡ್ಸ್ ಕಾಯ್ದೆ, ಕಮಿಷನ್‌ಗೆ ಮಿತಿ ಹಾಕುವ ಅಧಿಕಾರವನ್ನು ಕೃಷಿ ಕಾರ್ಯದರ್ಶಿಗೆ ಕೊಟ್ಟಿತು. ಕಾರ್ಯದರ್ಶಿ ಅಂದ್ರೆ ಅಲ್ಲಿ ನಮ್ಮ ಕೇಂದ್ರ ಮಂತ್ರಿಗೆ ಸಮ.

3/6
1930ರಲ್ಲಿ ವಿಚಾರಣೆ ಶುರುವಾಯಿತು. ಇಲಾಖೆಯ ವಿಚಾರಣಾಧಿಕಾರಿಯ ಮುಂದೆ ದಾಖಲಾದ ಹೇಳಿಕೆಗಳೇ ಸುಮಾರು 10,000 ಪುಟ. ಲೆಕ್ಕಪತ್ರ ಬೇರೆ 1,000 ಪುಟಕ್ಕೂ ಹೆಚ್ಚು. ಜೂನ್ 1933ರಲ್ಲಿ ಕಾರ್ಯದರ್ಶಿ ಹೆನ್ರಿ ವಾಲೇಸ್ ಕಮಿಷನ್ ಇಳಿಸಿ ಆದೇಶ ಹೊರಡಿಸಿದರು. ಅದು ಮಹಾ ಆರ್ಥಿಕ ಕುಸಿತದ ಕಾಲ, ರೈತನಿಗೆ ಒಂದೊಂದು ಡಾಲರೂ ದೊಡ್ಡದು. ಏಜೆಂಟರು ಕೋರ್ಟಿಗೆ ಹೋದರು. ಹಳೇ ದರಕ್ಕೂ ಹೊಸ ದರಕ್ಕೂ ಇದ್ದ ವ್ಯತ್ಯಾಸದ ಹಣ ಕೋರ್ಟಿನಲ್ಲಿ ಜಮೆಯಾಗುತ್ತಾ ಹೋಗಿ ಐದು ಲಕ್ಷ ಡಾಲರ್ ದಾಟಿತು.

4/6
ಏಜೆಂಟರ ವಾದ ಸರಳ: "ನಮ್ಮ ಮಾತು ಕೇಳಿದವರೇ ಬೇರೆ, ತೀರ್ಮಾನ ಕೊಟ್ಟವರೇ ಬೇರೆ." ಮಾರ್ಗನ್ ಪ್ರಕರಣ ಅಂತ ಹೆಸರಾದದ್ದು ಇದೇ. 1936ರಲ್ಲಿ ಮುಖ್ಯ ನ್ಯಾಯಮೂರ್ತಿ ಹ್ಯೂಸ್ ಒಂದು ತತ್ವ ಹೇಳಿದರು: ತೀರ್ಮಾನಿಸುವವನು ಕೇಳಿರಬೇಕು. ಎಲ್ಲ ಸಾಕ್ಷಿಯನ್ನೂ ಎದುರು ಕೂತೇ ಕೇಳಬೇಕು ಅಂತಲ್ಲ, ಸಾಕ್ಷ್ಯವನ್ನು ತಾನೇ ಪರಿಶೀಲಿಸಿ ತೂಗಬೇಕು ಅಂತ.
ಆಮೇಲೆ ವಾಲೇಸ್ ಅವರೇ ಸಾಕ್ಷಿ ಹೇಳಬೇಕಾಯಿತು. ಆ ರಾಶಿ ದಾಖಲೆಯನ್ನು ಆಗಾಗ ತಿರುವಿ ಹಾಕಿದ್ದಾಗಿ ಹೇಳಿದರು. 180 ನಿರ್ಣಯಗಳನ್ನು ಬರೆದುಕೊಟ್ಟದ್ದು ಏಜೆಂಟರ ವಿರುದ್ಧ ವಾದಿಸಿದ ಇಲಾಖೆಯವರೇ! ಅದನ್ನು ಏಜೆಂಟರಿಗೆ ತೋರಿಸಿಯೂ ಇರಲಿಲ್ಲ. 1938ರಲ್ಲಿ ಆದೇಶ ಬಿದ್ದುಹೋಯಿತು.

5/6
ವಾಲೇಸ್ ರೈತರ ಪರ ಇದ್ದವರು. ತೀರ್ಪನ್ನು ಟೀಕಿಸಿ ಪತ್ರಿಕೆಗೇ ಪತ್ರ ಬರೆದರು. ಮತ್ತೆ ವಿಚಾರಣೆ ನಡೆಸಿ ಹೊಸ ಆದೇಶ ಕೊಟ್ಟರು. 1941ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಷ್ಟೊತ್ತಿಗೆ ಅವರು ದೇಶದ ಉಪಾಧ್ಯಕ್ಷರಾಗಿದ್ದರು! ಅಡ್ಡದಾರಿ ಹಿಡಿದು ವೇಗವಾಗಿ ಮಾಡಿದ ಕೆಲಸಕ್ಕೆ ರೈತರು ತೆತ್ತ ಬೆಲೆ ಎಂಟು ವರ್ಷ.
ಇಂಥ ಜಗಳಗಳೆಲ್ಲ ಸೇರಿ 1946ರ ಆಡಳಿತ ಕಾರ್ಯವಿಧಾನ ಕಾಯ್ದೆ ಬಂತು. ವಿಚಾರಣೆ ನಡೆಸಿದ ಅಧಿಕಾರಿಯೇ ಮೊದಲ ತೀರ್ಪನ್ನೋ ಶಿಫಾರಸನ್ನೋ ಬರೆಯಬೇಕು. ಅವರು ತನಿಖೆ ಮಾಡುವವರ, ವಾದಿಸುವವರ ಕೈಕೆಳಗೆ ಇರುವಂತಿಲ್ಲ. ಇಲಾಖೆ ಬೇಕೆಂದಾಗ ತೆಗೆದುಹಾಕುವಂತಿಲ್ಲ ಅಂತ ಆ ಕಾಯ್ದೆ ಹೇಳಿತು. 1972ರಿಂದ ಇವರ ಹೆಸರು ಆಡಳಿತ ಕಾನೂನು ನ್ಯಾಯಾಧೀಶರು.

6/6
ಅಮೆರಿಕದ ಕೃಷಿ ಇಲಾಖೆಯಲ್ಲಿ ಈ ನ್ಯಾಯಾಧೀಶರು ಜಾನುವಾರು ವ್ಯಾಪಾರದ ಮೋಸ, ಹಣ್ಣು ತರಕಾರಿ ಕೊಂಡು ದುಡ್ಡು ಕೊಡದ ವ್ಯಾಪಾರಿಗಳ ಲೈಸೆನ್ಸ್, ಪ್ರಾಣಿ ಕಲ್ಯಾಣ ಕಾಯ್ದೆಯ ಉಲ್ಲಂಘನೆ ಇಂಥ ಕೇಸು ಕೇಳುತ್ತಾ ಬಂದಿದ್ದಾರೆ. ಆದರೆ ಪೂರ್ತಿ ಸ್ವತಂತ್ರರು ಅಂತ ತಿಳಿಯಬೇಡಿ. ಮೇಲ್ಮನವಿ ಹೋದರೆ ಇಲಾಖೆಯೊಳಗೆ ಕೊನೆಯ ಮಾತು ಕಾರ್ಯದರ್ಶಿಯ ಪರವಾಗಿ ಕೂತ ಜುಡಿಷಿಯಲ್ ಆಫೀಸರ್‌ದು. ಅದಾದ ಮೇಲೆ ಕೋರ್ಟು.
ನಮ್ಮಲ್ಲೂ 1958ರಲ್ಲಿ, ಆಂಧ್ರದ ಬಸ್ ಮಾರ್ಗಗಳ ಕುರಿತ ಗುಲ್ಲಪಲ್ಲಿ ನಾಗೇಶ್ವರ ರಾವ್ ಪ್ರಕರಣದಲ್ಲಿ ಇದೇ ಪ್ರಶ್ನೆ ಎದ್ದಿತು. ಆಕ್ಷೇಪ ಕೇಳಿದ್ದು ಕಾರ್ಯದರ್ಶಿ, ತೀರ್ಮಾನ ಮುಖ್ಯಮಂತ್ರಿಯದ್ದು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ.
ದಲಾಲರು ಗೆದ್ದದ್ದಕ್ಕೆ ಖುಷಿಪಡಿ ಅಂತ ನಾನು ಹೇಳ್ತಿಲ್ಲ. ನಮಗೆ ಇಷ್ಟವಿಲ್ಲದವರ ಮಾತನ್ನೂ ಸರಿಯಾಗಿ ಕೇಳಿ ಕೊಟ್ಟ ಆದೇಶ ಮಾತ್ರ ಗಟ್ಟಿ ನಿಲ್ಲುತ್ತೆ, ಅಷ್ಟೇ.
ನಿಮ್ಮ ಅರ್ಜಿಯನ್ನು ಒಬ್ಬರು ಕೇಳಿ ಇನ್ನೊಬ್ಬರು ಸಹಿ ಹಾಕಿದ್ದುಂಟಾ? ಕಚೇರಿಯ ಹೆಸರು ಬೇಡ, ಏನಾಯ್ತು ಅಂತ ಕಾಮೆಂಟ್‌ನಲ್ಲಿ ಬರೀರಿ.

#ಕನ್ನಡ #ಇತಿಹಾಸ #ಕೃಷಿಕಾನೂನು